ಮೂಲೆಯ ಸಣ್ಣ ಗಂಟು

ನಮ್ಮ ಅತ್ತೆ ದೇವರ ಹತ್ತಿರ ಮಾತಾಡಿದಷ್ಟು ನನ್ನ ಹತ್ತಿರ ಮಾತಾಡಿದ್ದರೆ ನಮ್ಮ ಮನೆಯಲ್ಲಿ ಅರ್ಧಕ್ಕರ್ಧ ಜಗಳ ಆಗುತ್ತಲೇ ಇರಲಿಲ್ಲ. ಇದನ್ನು ಅವರ ಮುಂದೆಯೇ ಹೇಳಿದ್ದೇನೆ, ಬೆನ್ನ ಹಿಂದೆ ಅಲ್ಲ. ಬೆನ್ನ ಹಿಂದೆ ಆಡಿಕೊಳ್ಳುವ ಅಭ್ಯಾಸ ನನಗಿಲ್ಲ. ನಾನು ಬಸ್ ಕಂಡಕ್ಟರ್ ಆಗಿದ್ದವಳು. ಏನಿದ್ದರೂ ಮುಖಕ್ಕೆ ಮುಖ ಕೊಟ್ಟು, ಇಡೀ ಬಸ್ಸಿಗೆ ಕೇಳಿಸುವ ಹಾಗೆ ಹೇಳಿಯೇ ಅಭ್ಯಾಸ.

ಗುರುವಾರ ಬಂತೆಂದರೆ, ಬೀದಿ ದೀಪ ಹತ್ತುವ ಹೊತ್ತಿಗೆ ಅತ್ತೆ ಮೊಳೆಯಿಂದ ಕೀ ತೆಗೆದುಕೊಂಡು ಹೊರಡುತ್ತಿದ್ದರು. ಸೈಕಲ್ ರಿಪೇರಿ ಅಂಗಡಿಯ ಮಹಡಿ ಮೇಲೆ ಒಂದು ಕೋಣೆ. ಕೆಳಗಿನ ಪಂಕ್ಚರ್ ಅಂಟಿನ ವಾಸನೆ ಮೆಟ್ಟಿಲು ಹತ್ತಿ ನಮಗಿಂತ ಮೊದಲೇ ಅಲ್ಲಿ ಬಂದು ಕೂತಿರುತ್ತಿತ್ತು. ಮಡಚುವ ಕುರ್ಚಿಗಳು, ಅವುಗಳಲ್ಲಿ ಒಂದು ಬೆರಳು ಕಚ್ಚುವಂಥದ್ದು. ಗೋಡೆಗೆ ತಾಗಿಸಿ ಒಂದು ಉದ್ದನೆಯ ಮೇಜು. ಅಲ್ಲಿ ಸೇರಿ ಕೆಲಸ ಕಳೆದುಕೊಂಡವರಿಗಾಗಿ ಪ್ರಾರ್ಥನೆ ಮಾಡುತ್ತಿದ್ದರು. ಬೇರೆ ಯಾವ ಕೋರಿಕೆಗೂ ಅಲ್ಲಿ ಜಾಗವಿರಲಿಲ್ಲ. ಒಮ್ಮೆ ಯಾರೋ ಮಂಡಿನೋವಿಗೆ ಕೇಳಿಕೊಳ್ಳಿ ಅಂದದ್ದಕ್ಕೆ ಅತ್ತೆ ಅವರನ್ನು ಡಾಕ್ಟರ ಹತ್ತಿರ ಕಳಿಸಿದ್ದರು.

ಅಲ್ಲಿಯ ಪದ್ಧತಿ ಹೀಗೆ. ಕೆಲಸ ಹೋದವರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಕೆಲಸ ಹೋಗಿದೆ ಎಂದು ನಾಲ್ಕು ಜನರ ಮುಂದೆ ಹೇಳಿಸಿಕೊಳ್ಳುವುದು ಎಂಥ ಸಂಕಟ ಎಂದು ಅತ್ತೆಗೆ ಗೊತ್ತಿತ್ತು. ಅದಕ್ಕೆ ಬದಲು, ಕೆಲಸ ಹೋದವರು ತಮ್ಮ ಕಸುಬಿನ ಒಂದು ಸಾಮಾನನ್ನು ಅತ್ತೆಯ ಕೈಗೆ ಕೊಡಬೇಕು. ಅತ್ತೆ ಅದನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಮೇಜಿನ ಮೇಲೆ ಇಡುತ್ತಾರೆ. ಗುರುವಾರ ಎಲ್ಲರೂ ಬಂದು ಒಂದೊಂದೇ ಗಂಟಿನ ಮೇಲೆ ಕೈಯಿಟ್ಟು, ಇದಕ್ಕೆ ಕೆಲಸ ಸಿಗಲಿ, ಇದನ್ನು ಹಿಡಿಯುವ ಕೈ ಗಟ್ಟಿಯಾಗಿರಲಿ ಎಂದು ಕೇಳಿಕೊಳ್ಳುತ್ತಾರೆ. ಗಂಟಿನ ಆಕಾರ ನೋಡಿದರೆ ಗಾರೆಯವನ ಕರಣಿ ಯಾವುದು, ಬಡಗಿಯ ಉಳಿ ಯಾವುದು ಎಂದು ಯಾರಿಗಾದರೂ ತಿಳಿಯುತ್ತಿತ್ತು ಅನ್ನಿ. ತಿಳಿದರೂ ತಿಳಿಯದವರ ಹಾಗೆ ಇರುವುದೇ ಅಲ್ಲಿಯ ಮರ್ಯಾದೆ.

ಕೆಲಸ ಸಿಗುವ ತನಕ ಗಂಟು ಮೇಜು ಬಿಟ್ಟು ಕದಲುವಂತಿಲ್ಲ. ಸಿಕ್ಕ ದಿನ ಅವರು ಎದ್ದು ಬಂದು ಎಲ್ಲರೆದುರು ಅದನ್ನು ಬಿಚ್ಚಿ ತಮ್ಮ ಸಾಮಾನನ್ನು ಎತ್ತಿಕೊಳ್ಳಬೇಕು. ಆಗ ಅತ್ತೆ ಒಂದು ಮಾತು ಹೇಳುತ್ತಿದ್ದರು. ಹೊರಟವರಿಗೆ ನಾವು ಯಾರೂ ಬರೀ ‘ಹೋಗು’ ಅನ್ನುವುದಿಲ್ಲ, ‘ಹೋಗಿ ಬಾ’ ಅನ್ನುತ್ತೇವೆ. ಅತ್ತೆ ಮಾತ್ರ ಆ ಸಾಮಾನಿನ ಮೇಲೆ ಕೈಯಿಟ್ಟು, “ಹೋಗು. ಮತ್ತೆ ಬರಬೇಡ,” ಅನ್ನುತ್ತಿದ್ದರು. ಗಾರೆಯವನು ತನ್ನ ಕರಣಿಯನ್ನು ಎತ್ತಿಕೊಂಡ ದಿನ ಆ ಮಾತು ಕೇಳಿ ಮಗುವಿನ ಹಾಗೆ ಅತ್ತಿದ್ದ.

ನಾನು ಆ ಕೋಣೆಗೆ ಹೋಗುತ್ತಿದ್ದದ್ದು ಅತ್ತೆಗೆ ಮೆಟ್ಟಿಲು ಹತ್ತಲು ಕೈ ಕೊಡುವುದಕ್ಕೆ. ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಮುಚ್ಚುತ್ತಿರಲಿಲ್ಲ. ತಲೆ ಎಣಿಸುತ್ತಾ ಕೂರುತ್ತಿದ್ದೆ. ಹಳೇ ಚಾಳಿ.

ಎಣಿಸಲು ಗಂಟುಗಳೂ ಇದ್ದವು. ಅವುಗಳಲ್ಲಿ ಒಂದು ನನ್ನ ತಲೆ ತಿನ್ನುತ್ತಿತ್ತು. ಮೇಜಿನ ಮೂಲೆಯಲ್ಲಿ, ಗೋಡೆ ಕಡೆ, ಅಂಗೈಯೊಳಗೆ ಮುಚ್ಚಿಹೋಗುವಷ್ಟು ಸಣ್ಣ ಗಂಟು. ನಾನು ಮೊದಲ ಸಲ ಹೋದಾಗಲೇ ಅದು ಅಲ್ಲಿತ್ತು. ಎಷ್ಟೋ ಗಂಟು ಬಂದವು, ಹೋದವು, ಇದು ಮಾತ್ರ ಅಲ್ಲಾಡಲಿಲ್ಲ. ಪ್ರತಿ ವಾರವೂ ಅತ್ತೆ ಮೊದಲು ಕೈಯಿಡುತ್ತಿದ್ದದ್ದು ಅದರ ಮೇಲೆ. ಯಾರದು ಎಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಬೀಗದವನ ಕೀ ಇರಬೇಕು ಎಂದು ಗಾರೆಯವನ ಲೆಕ್ಕ, ದರ್ಜಿಯ ಬೆರಳುಟೋಪಿ ಎಂದು ಅವನ ಹೆಂಡತಿಯದು. ನಾನು ಮಾತ್ರ, ಯಾರೋ ಮಹಾ ಸೋಮಾರಿ ಇರಬೇಕು, ದೇವರೇ ಇಷ್ಟು ವರ್ಷ ಕೆಲಸ ಹುಡುಕಿ ಸುಸ್ತಾಗಿದ್ದಾನೆ ಎಂದು ನಗಾಡುತ್ತಿದ್ದೆ. ಆಗ ಅತ್ತೆ ನನ್ನ ಕಡೆ ಒಂದು ಥರಾ ನೋಡುತ್ತಿದ್ದರು.

ಇಷ್ಟರಲ್ಲಿ ನಮ್ಮ ಮನೆಯ ಗಂಟೇ ಆ ಮೇಜಿಗೆ ಹೋಯಿತು.

ನನ್ನ ಗಂಡ ಕಟಿಂಗ್ ಮಾಸ್ಟರ್. ಕೋಟು ಹೊಲಿಯುವ ಫ್ಯಾಕ್ಟರಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಎಡಚರಾದ್ದರಿಂದ ಎಲ್ಲರೂ ಅವರನ್ನು ಎಡಗೈ ಮಾಸ್ಟರ್ ಅನ್ನುತ್ತಿದ್ದರು. ಮಳೆಗಾಲಕ್ಕೆ ಮೊದಲು ಫ್ಯಾಕ್ಟರಿಯವರು ತಾನೇ ಅಳೆದು ತಾನೇ ಕತ್ತರಿಸುವ ಒಂದು ಯಂತ್ರ ತಂದು ನಿಲ್ಲಿಸಿದರು. ಮಾಸ್ಟರುಗಳಿಗೆಲ್ಲ ಒಂದು ಹಾರ, ಒಂದು ಫೋಟೋ, ಅಲ್ಲಿಗೆ ಮುಗಿಯಿತು. ಅವರು ಹಾರ ಹಿಡಿದುಕೊಂಡು ಮನೆಗೆ ಬಂದಾಗ ನಮ್ಮ ಮಗಳು ಅಪ್ಪನಿಗೆ ಬಹುಮಾನ ಬಂತೆಂದು ಕುಣಿದಳು. ಅವಳನ್ನು ಸುಮ್ಮನಿರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಆವತ್ತಿನಿಂದ ಮನೆಯಲ್ಲಿ ದುಡಿಯುವವರು ಯಾರೂ ಇಲ್ಲ. ಅತ್ತೆ ಹಾಸ್ಟೆಲ್ ಅಡುಗೆ ಕೆಲಸದಿಂದ ರಿಟೈರಾಗಿ ಆಗಲೇ ಬಹಳ ದಿನವಾಗಿತ್ತು. ನಾನು ಮನೆಯಲ್ಲೇ ಕೂತು ಶರ್ಟುಗಳಿಗೆ ಗುಂಡಿ ಹಚ್ಚುತ್ತಿದ್ದೆ. ಅದರಿಂದ ಹಾಲಿನವನ ಬಾಯಿ ಮುಚ್ಚಿಸಬಹುದಿತ್ತು, ಮನೆ ಬಾಡಿಗೆಯವನದ್ದಲ್ಲ. ಗಂಡ ಬೆಳಿಗ್ಗೆ ಎದ್ದು, ಎಂದಿನ ಹಾಗೆ ಶರ್ಟಿನ ತೋಳು ಮಡಚಿ, ಹೋಗಲು ಎಲ್ಲೂ ಇಲ್ಲದೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ. ಆದರೂ ನನ್ನ ಬಾಯಿ ನನ್ನದೇ ತಾನೆ, ದಾರಿ ಬಿಡಿ, ಬಾಗಿಲಲ್ಲಿ ನಿಲ್ಲಬೇಡಿ ಎಂದು ರೇಗುತ್ತಿದ್ದೆ.

ಅವರ ಕತ್ತರಿಯನ್ನು ಅತ್ತೆಯೇ ಕೇಳಿ ಇಸಿದುಕೊಂಡರು. ಎಡಗೈಗೆಂದೇ ಮಾಡಿಸಿದ ದೊಡ್ಡ ಕತ್ತರಿ. ಹಿಡಿಯ ಒಳಗೆ ಅವರ ಹೆಬ್ಬೆರಳಿನ ಜಾಗ ಸವೆದು ನುಣ್ಣಗಾಗಿತ್ತು. ಅತ್ತೆ ಅದನ್ನು ಕಟ್ಟಿ ಮೇಜಿನ ನಡುವೆ ಇಟ್ಟರು. ನಾಲ್ಕು ತಿಂಗಳು ಎಲ್ಲರ ಕೈ ಅದರ ಮೇಲೆ ಬಿದ್ದರೂ ಏನೂ ಆಗಲಿಲ್ಲ.

ಆಮೇಲೆ ಒಂದು ಮಂಗಳವಾರ ಊರಾಚೆಯ ಒಂದು ಕೋಟಿನ ಅಂಗಡಿಯಿಂದ ಕರೆ ಬಂತು. ಯಂತ್ರವಿಲ್ಲದ, ಕೈಯಲ್ಲೇ ಕತ್ತರಿಸುವ ಹಳೇ ಕಾಲದ ಅಂಗಡಿ. ನಾಳೆ ಬೆಳಿಗ್ಗೆ ಬನ್ನಿ, ಒಂದು ಕೋಟು ಕತ್ತರಿಸಿ ತೋರಿಸಿ, ಕೈ ಹಿಡಿಸಿದರೆ ಇಟ್ಟುಕೊಳ್ಳುತ್ತೇವೆ ಅಂದರು. ಗಂಡ ಫೋನ್ ಇಟ್ಟವರೇ ಕತ್ತರಿ ಬೇಕು ಅಂದರು. ಬೇರೆಯವರ ಕತ್ತರಿ ಎಡಗೈಯಲ್ಲಿ ಬಟ್ಟೆಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ.

ಅತ್ತೆ ಆಗುವುದಿಲ್ಲ ಅಂದರು. ಕೆಲಸ ಸಿಗಲಿ, ಆಮೇಲೆ ತೆಗೆದುಕೋ ಅಂದರು. ಕತ್ತರಿ ಇಲ್ಲದೆ ಕೆಲಸ ಹೇಗೆ ಸಿಗುತ್ತೆ ಎಂದು ಮಗ, ಕೆಲಸ ಸಿಗದೆ ಗಂಟು ಹೇಗೆ ಬಿಚ್ಚೋದು ಎಂದು ತಾಯಿ. ಇಬ್ಬರೂ ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ದೇವರಿಗೆ ಕತ್ತರಿಯ ಅಗತ್ಯ ಇಲ್ಲ, ನಿಮ್ಮ ಮಗನಿಗೆ ಇದೆ ಎಂದುಬಿಟ್ಟೆ. ಅತ್ತೆ ಸೆರಗಿನ ತುದಿಯಲ್ಲಿದ್ದ ಕೀ ಬಿಚ್ಚಿ ಮೊಳೆಗೆ ತಗುಲಿಸಿ, ಬೆನ್ನು ತಿರುಗಿಸಿ ಪಾತ್ರೆ ತೊಳೆಯಲು ನಿಂತರು. ಅವರ ಒಪ್ಪಿಗೆ ಯಾವಾಗಲೂ ಹೀಗೇ, ಬೆನ್ನ ಕಡೆಯಿಂದ ಬರುತ್ತಿತ್ತು. ನಾನು ಕೀ ತೆಗೆದುಕೊಂಡು ಹೊರಟೆ.

ಸೈಕಲ್ ಅಂಗಡಿಯವನು ಬಾಗಿಲು ಹಾಕುವುದರಲ್ಲಿದ್ದ. ಬೇಗ ಬನ್ನಿ ಅಂದ. ಕತ್ತರಿಯ ಗಂಟು ಕೈಗೆ ತಕ್ಷಣ ಸಿಕ್ಕಿತು, ಅದರ ಭಾರವೇ ಹೇಳುತ್ತಿತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟಿದ್ದರೆ ಈ ಕಥೆ ಇಲ್ಲ. ಆದರೆ ಮೂಲೆಯಲ್ಲಿ ಆ ಸಣ್ಣ ಗಂಟು ಕೂತಿತ್ತು, ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಇಷ್ಟು ವರ್ಷ ಟಿಕೆಟ್ ತೋರಿಸದೆ ಕೂತವರನ್ನು ನಾನು ಯಾವತ್ತೂ ಬಿಟ್ಟವಳಲ್ಲ.

ಗಂಟು ಬಿಚ್ಚಿದೆ. ಒಳಗೆ ಒಂದು ಸೀಟಿ.

ಹಿತ್ತಾಳೆಯ ಸೀಟಿ. ಬಾಯಿಡುವ ಕಡೆ ಒಂದು ಸಣ್ಣ ತಗ್ಗು. ಬಸ್ ಹಂಪ್ ಹಾರಿದಾಗ ನನ್ನ ಹಲ್ಲು ತಾಗಿ ಆದ ತಗ್ಗು ಅದು. ಕೆಂಪು ಮತ್ತು ಕಪ್ಪು ದಾರ ಹೆಣೆದ ಹುರಿ, ನಾನೇ ಊಟದ ಬಿಡುವಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಹೆಣೆದದ್ದು. ಸ್ವಲ್ಪ ಹೊತ್ತು ನನಗೆ ಏನೂ ಹೊಳೆಯಲಿಲ್ಲ. ಬೇರೆ ಯಾರ ಹತ್ತಿರವೋ ನನ್ನದರಂಥದ್ದೇ ಸೀಟಿ ಇದೆ ಎಂದೇ ಅಂದುಕೊಂಡೆ. ಆ ಬೆರಳು ಕಚ್ಚುವ ಕುರ್ಚಿಯ ಮೇಲೇ ಕುಳಿತೆ.

ಆ ಸೀಟಿಯ ವಿಷಯಕ್ಕೆ ನಾನು ಅತ್ತೆಯ ಮೇಲೆ ವರ್ಷಗಟ್ಟಲೆ ಹಲ್ಲು ಕಡಿದಿದ್ದೇನೆ. ಮಗಳು ಹುಟ್ಟಿದಾಗ ಅವಳಿಗೆ ಉಬ್ಬಸ. ಯಾರಾದರೊಬ್ಬರು ಮನೆಯಲ್ಲಿ ಇರಲೇಬೇಕಿತ್ತು, ನಾನು ಕೆಲಸ ಬಿಟ್ಟೆ. ಸಮವಸ್ತ್ರ ವಾಪಸು ಕೊಟ್ಟೆ. ಸೀಟಿ ಮಾತ್ರ ನನ್ನ ಸ್ವಂತದ್ದು, ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಿದ್ದೆ. ಒಂದು ದಿನ ನೋಡಿದರೆ ಇಲ್ಲ. ಕೇಳಿದ್ದಕ್ಕೆ ಅತ್ತೆ, ಮಗು ಬಾಯಿಗೆ ಹಾಕಿಕೊಳ್ಳುತ್ತೆ ಅಂತ ತೆಗೆದಿಟ್ಟಿದ್ದೇನೆ ಅಂದರು. ಎಲ್ಲಿ ಎಂದು ಹೇಳಲಿಲ್ಲ. ಎಸೆದಿದ್ದಾರೆ, ಸೊಸೆ ಮತ್ತೆ ಬಸ್ ಹತ್ತುವುದು ಇವರಿಗೆ ಇಷ್ಟವಿಲ್ಲ ಎಂದು ಆವತ್ತೇ ತೀರ್ಮಾನ ಮಾಡಿಕೊಂಡೆ. ನಾನೂ ಮತ್ತೆ ಕೇಳಲಿಲ್ಲ.

ಕೆಳಗಿನಿಂದ ಸೈಕಲ್ ಅಂಗಡಿಯವನು ಕೂಗಿದ. ಸೀಟಿಯನ್ನು ಇದ್ದಂತೆಯೇ ಕಟ್ಟಿ ಮೂಲೆಗಿಟ್ಟು, ಕತ್ತರಿ ತೆಗೆದುಕೊಂಡು ಮನೆಗೆ ಬಂದೆ. ಆ ಸಂಜೆ ನಾನು ಯಾರ ಮೇಲೂ ರೇಗಲಿಲ್ಲ. ಹುಷಾರಿಲ್ಲವಾ ಎಂದು ಮಗಳು ಎರಡು ಸಲ ಹಣೆ ಮುಟ್ಟಿ ನೋಡಿದಳು.

ಮರುದಿನ ಗಂಡ ಕತ್ತರಿ ಹಿಡಿದುಕೊಂಡು ಹೊರಟರು. ಮಗಳು ಸ್ಕೂಲಿಗೆ ಹೋದಳು. ಅತ್ತೆ ಎಂದಿನಂತೆ ಪ್ರಾರ್ಥನೆಯ ಕೋಣೆ ಗುಡಿಸಿ ಬಂದು, ಕೀಯನ್ನು ಮೊಳೆಗೆ ಹಾಕಿ ನನ್ನೆದುರು ಕುಳಿತರು. ನಾನು ಸುಲಿಯುತ್ತಿದ್ದ ಬಟಾಣಿಯಲ್ಲಿ ಅರ್ಧವನ್ನು ತಮ್ಮ ಕಡೆ ಎಳೆದುಕೊಂಡರು.

“ಮೂಲೆ ಗಂಟು ನಾನು ಕಟ್ಟಿದ ಹಾಗಿಲ್ಲ,” ಅಂದರು.

“ನಾನೇ ಬಿಚ್ಚಿದ್ದು. ನೀವು ಅದನ್ನ ಎಸೆದಿದ್ದೀರಿ ಅಂದ್ಕೊಂಡಿದ್ದೆ.”

“ಎಸೆಯೋಕೆ ಅದೇನು ನನ್ನದಾ?”

ಆಮೇಲೆ ಬಟಾಣಿ ಸುಲಿಯುತ್ತಲೇ, ತಲೆ ಎತ್ತದೆ, ಎಲ್ಲವನ್ನೂ ಹೇಳಿದರು. ಮಗುವಿಗೆ ಉಬ್ಬಸ ಹೆಚ್ಚಾಗಿ ನಾವು ಮೂವರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ದಿನ, ಯಾರೂ ಕೇಳುವ ಮೊದಲೇ, ನಾನಂತೂ ಕೆಲಸ ಬಿಡಲ್ಲ ಎಂದವರು ಅವರೇ. ತಮ್ಮ ಗಂಡ ಸತ್ತ ಮೇಲೆ ಆ ಹಾಸ್ಟೆಲ್ ಒಲೆಯ ಮುಂದೆ ನಿಂತೇ ಮಗನನ್ನು ಸಾಕಿದವರು, ಆ ಕೆಲಸ ಹೋದರೆ ಕಾಲ ಕೆಳಗಿನ ನೆಲವೇ ಹೋದಂತೆ ಎಂಬ ಹೆದರಿಕೆ. ಮಗ ಏನೂ ಹೇಳಲಿಲ್ಲ. ಉಳಿದವಳು ನಾನು. ಅದಾದ ಮೇಲೆ ದಿನಾ ಸಂಜೆ ಬಸ್ ಹೋಗುವ ಹೊತ್ತಿಗೆ ನಾನು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಕಿಟಕಿಯಲ್ಲಿ ನಿಲ್ಲುತ್ತಿದ್ದೆನಂತೆ. ಬಸ್ ನಿಂತು ಹೊರಡುವಾಗ ಸೀಟಿ ಊದುವ ಹಾಗೆ ನನ್ನ ತುಟಿ ಅಲ್ಲಾಡುತ್ತಿತ್ತಂತೆ. ನನಗೇ ಗೊತ್ತಿರಲಿಲ್ಲ. ಅದನ್ನು ನೋಡಲಾರದೆ ಅತ್ತೆ ಸೀಟಿಯನ್ನು ಮೊಳೆಯಿಂದ ತೆಗೆದು, ಸೈಕಲ್ ಅಂಗಡಿಯವನನ್ನು ಕೇಳಿ ಆ ಕೋಣೆ ತೆಗೆಸಿ, ಒಂದು ಗುರುವಾರ ಒಬ್ಬರೇ ಮೇಜಿನ ಮುಂದೆ ಕೂತರು. ಆಗ ಮೇಜಿನ ಮೇಲೆ ಇದ್ದದ್ದು ಅದೊಂದೇ ಗಂಟು. ಗಾರೆಯವನ ಹೆಂಡತಿ ನೋಡಿ ಕರಣಿ ತಂದದ್ದು ಆಮೇಲೆ. ಹೆಸರು ಹೇಳಬಾರದು ಎಂಬ ಪದ್ಧತಿ ಹುಟ್ಟಿದ್ದೇ ನನ್ನ ಹೆಸರನ್ನು ಹೇಳಲಾರದೆ.

ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟೆ. “ಮತ್ತೆ ನನಗ್ಯಾಕೆ ಹೇಳ್ಲಿಲ್ಲ ಅತ್ತೆ?”

“ಹೇಳೋದಾದ್ರೆ ಏನು ಹೇಳ್ಬೇಕಿತ್ತು? ಮಗೂನ ನಾನು ನೋಡ್ಕೋತೀನಿ, ನೀನು ಕೆಲಸಕ್ಕೆ ಹೋಗು ಅಂತ ತಾನೆ. ಆಗ ಹೇಳೋ ಹಾಗಿರ್ಲಿಲ್ಲ. ರಿಟೈರಾದ ಮೇಲೆ ಹೇಳೋಣ ಅಂದ್ರೆ, ಇಷ್ಟು ವರ್ಷ ನಿನ್ನ ಕೂರಿಸಿ ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ ಅನ್ನಿಸ್ತು.” ಒಂದು ಕಾಯಿಯನ್ನು ಎರಡೆರಡು ಸಲ ಸುಲಿದರು. “ನಿನ್ನ ಕೇಳೋಕೆ ಧೈರ್ಯ ಇರ್ಲಿಲ್ಲ ಕಣೆ. ಅದಕ್ಕೇ ದೇವರನ್ನ ಕೇಳ್ತಿದ್ದೆ.”

ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದಾಗ ಏನು ಮಾಡಬೇಕೋ ನನಗೆ ತಿಳಿಯುವುದಿಲ್ಲ. ಇಷ್ಟು ವರ್ಷ ಆ ಗಂಟನ್ನು ನೋಡಿ ಸೋಮಾರಿ ಎಂದು ನಕ್ಕಿದ್ದೆನಲ್ಲ, ಆಗೆಲ್ಲ ಅತ್ತೆ ನೋಡಿದ ಆ ನೋಟ ನೆನಪಾಯಿತು. ಬಸ್ ಆಫೀಸಿಗೆ ಹೋಗಿ ಕೆಲಸ ಕೇಳಬೇಕಾದವಳು ನಾನು, ದೇವರು ಹೋಗಿ ಕೇಳುತ್ತಾನಾ ಎಂದು ಕಣ್ಣೊರೆಸಿಕೊಂಡು ಜಗಳಕ್ಕೆ ನಿಂತೆ. ಅತ್ತೆ ನಕ್ಕುಬಿಟ್ಟರು.

“ಹೋಗಿ ಕೇಳು ಮತ್ತೆ,” ಅಂದರು. “ಮಗೂನ ನಾನು ನೋಡ್ಕೋತೀನಿ.”

ಆ ಮಗು ಈಗ ಅಜ್ಜಿಯ ಚಹಾದ ಸಕ್ಕರೆಗೂ ಲೆಕ್ಕ ಇಡುವಷ್ಟು ದೊಡ್ಡವಳು. ಯಾರು ಯಾರನ್ನು ನೋಡಿಕೊಳ್ಳುತ್ತಾರೋ ದೇವರೇ ಬಲ್ಲ. ಆದರೂ ಆ ಒಂದು ಮಾತು ಕೇಳಿದ್ದೇ ನನ್ನ ಎದೆಯ ಮೇಲಿಂದ ಏನೋ ಇಳಿದಂತಾಯಿತು.

ಮಧ್ಯಾಹ್ನ ಗಂಡ ವಾಪಸು ಬಂದರು. ಮೆಟ್ಟಿಲ ಮೇಲಿನ ಚಪ್ಪಲಿ ಸದ್ದಿನಲ್ಲೇ ನನಗೆ ಗೊತ್ತಾಯಿತು. ಕೋಟು ಚೆನ್ನಾಗಿಯೇ ಕತ್ತರಿಸಿದರಂತೆ, ಮಾಲೀಕರು ಬಟ್ಟೆಯ ಅಂಚು ಮುಟ್ಟಿ ನೋಡಿ ತಲೆದೂಗಿದರಂತೆ. ಆದರೆ ಅಲ್ಲಿಯ ಮೇಜು ಗೋಡೆಗೆ ಭದ್ರವಾಗಿ ಹಾಕಿದ್ದು. ಇರುವ ಒಂದು ಕಿಟಕಿ ಎಡಕ್ಕಿದೆ. ಬಲಗೈಯವರಿಗೆ ಸರಿ. ಇವರು ಕತ್ತರಿ ಹಿಡಿದರೆ ಇವರ ಕೈಯ ನೆರಳೇ ಸೀಮೆಸುಣ್ಣದ ಗೆರೆಯ ಮೇಲೆ ಬೀಳುತ್ತದೆ. ಮಗ್ಗುಲಲ್ಲಿ ನಿಂತ ಇನ್ನೊಬ್ಬ ಮಾಸ್ಟರ ಮೊಣಕೈಗೂ ಇವರ ಮೊಣಕೈಗೂ ಡಿಕ್ಕಿ. ತಿಳಿಸುತ್ತೇವೆ ಎಂದು ಕಳಿಸಿದರಂತೆ. ತಿಳಿಸುತ್ತೇವೆ ಎಂದರೆ ಏನು ಎಂದು ನಾಲ್ಕು ತಿಂಗಳಲ್ಲಿ ನಾವು ಚೆನ್ನಾಗಿ ಕಲಿತಿದ್ದೆವು.

ಗಂಟು ಬಿಚ್ಚಿದ್ದಕ್ಕೇ ಹೀಗಾಯಿತು ಎಂದು ಅತ್ತೆ ಹೇಳುತ್ತಾರೆ, ನಾನೂ ಬಿಡುವುದಿಲ್ಲ ಎಂದು ಸೆರಗು ಸಿಕ್ಕಿಸಿಕೊಂಡು ನಿಂತೆ. ಅವರು ಆ ಮಾತೇ ಎತ್ತಲಿಲ್ಲ. ಮಗನ ಕೈಯಿಂದ ಕತ್ತರಿ ಇಸಿದುಕೊಂಡು, ಅದರ ಅಲಗಿಗೆ ಹತ್ತಿದ್ದ ದಾರದ ಚೂರನ್ನು ತೆಗೆದು, ಮತ್ತೆ ಬಿಳಿ ಬಟ್ಟೆಯಲ್ಲಿ ಕಟ್ಟಿದರು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮೊದಲು ಊಟ ಮಾಡು ಅಂದರು.

ನಾನು ಬಸ್ ಆಫೀಸಿಗೆ ಹೋದೆ. ನಮ್ಮ ಹಳೇ ಬಸ್ಸಿನ ಡ್ರೈವರಣ್ಣ ಈಗ ಅಲ್ಲಿ ಕುರ್ಚಿಯಲ್ಲಿ ಕೂತು ಡ್ಯೂಟಿ ಹಾಕುತ್ತಾನೆ. ನನ್ನನ್ನು ನೋಡಿ, ಇಷ್ಟು ದಿನ ಎಲ್ಲಿ ಸತ್ತಿದ್ದೆ ತಂಗಿ, ನಿನ್ನ ಗಂಟಲಿಲ್ಲದೆ ಒಬ್ಬರೂ ಒಳಗೆ ಸರಿಯುತ್ತಿಲ್ಲ ಎಂದ. ಆದರೂ ಅಷ್ಟು ಸುಲಭಕ್ಕೆ ಆಗಲಿಲ್ಲ. ವಯಸ್ಸಾಯಿತು ಅಂದರು, ಟಿಕೆಟ್ ಯಂತ್ರ ಬೇರೆ ಬಂದಿದೆ ಅಂದರು, ಪರೀಕ್ಷೆ ಮಾಡಿದರು. ತಿಳಿಸುತ್ತೇವೆ ಎಂದೂ ಅಂದರು. ನಾನು, ಇಲ್ಲೇ ಕೂತಿರುತ್ತೇನೆ, ತಿಳಿಸಿ ಎಂದು ಬೆಂಚಿನ ಮೇಲೆ ಕೂತೆ. ಹೀಗೆ ಎಷ್ಟೋ ದಿನ ಹೋಗಿ ಕೂತ ಮೇಲೆ, ಬೆಳಗಿನ ಮೊದಲ ಬಸ್ಸಿಗೆ ಯಾರೂ ಒಪ್ಪದೆ, ಅದು ನನಗೆ ಬಂತು.

ಸೀಟಿಯನ್ನು ಕೋಣೆಯಿಂದ ನಾನು ಮೊದಲೇ ತರಲಿಲ್ಲ. ತರಬಹುದಿತ್ತು, ನನ್ನದೇ ತಾನೆ. ಆದರೆ ಅದನ್ನು ಎಲ್ಲರೆದುರು ಬಿಚ್ಚಿ ಎತ್ತಿಕೊಳ್ಳುವುದನ್ನು ನೋಡಲು ಒಬ್ಬರು ವರ್ಷಾನುಗಟ್ಟಲೆ ಕಾದಿದ್ದರು.

ಆ ಗುರುವಾರ ನಾನು ಕುರ್ಚಿಯಿಂದ ಎದ್ದೆ. ಅತ್ತೆಗೆ ನೀರು ತರಲು ಎದ್ದಳೆಂದು ಗಾರೆಯವನ ಹೆಂಡತಿ ದಾರಿ ಬಿಟ್ಟಳು. ನಾನು ಮೇಜಿನ ಮೂಲೆಗೆ ಹೋಗಿ ಸಣ್ಣ ಗಂಟನ್ನು ಕೈಗೆತ್ತಿಕೊಂಡೆ. ಎಲ್ಲರೂ ನನ್ನ ಕಡೆ ತಿರುಗಿದರು. “ಸೋಮಾರಿ ಅಂತ ನಾನು ಬೈತಿದ್ನಲ್ಲ, ಅದು ನಾನೇ,” ಅಂದೆ. ಸೀಟಿ ಹೊರಗೆ ಬಂತು. ನನ್ನ ಗಂಡ ಅದನ್ನು ನೋಡಿ, ತಾಯಿಯನ್ನು ನೋಡಿ, ತಲೆ ತಗ್ಗಿಸಿದರು. ಆಸ್ಪತ್ರೆಯ ಬೆಂಚಿನ ಮೇಲೆ ತಾವು ಸುಮ್ಮನಿದ್ದದ್ದು ಅವರಿಗೂ ನೆನಪಾಗಿರಬೇಕು.

ಅತ್ತೆ ಎದ್ದು ಬಂದರು. ಸೀಟಿಯ ಮೇಲೆ, ಅದನ್ನು ಹಿಡಿದಿದ್ದ ನನ್ನ ಕೈಯ ಮೇಲೂ, ಕಣ್ಣೊರೆಸಿ ಒದ್ದೆಯಾದ ಸೆರಗು ಹಿಡಿದಿದ್ದ ಕೈಯಿಟ್ಟರು. “ಹೋಗು. ಮತ್ತೆ ಬರಬೇಡ,” ಎಂದು ಸೀಟಿಗೆ ಹೇಳಿದರು. ಆಮೇಲೆ ನನ್ನ ಮುಖ ನೋಡಿ, ನನಗೊಬ್ಬಳಿಗೇ ಕೇಳಿಸುವಷ್ಟು ಮೆಲ್ಲಗೆ, “ನೀನು ಮಾತ್ರ ಹೋಗಿ ಬಾ,” ಅಂದರು.

ಪ್ರಾರ್ಥನೆ ಮುಂದುವರಿಯಿತು. ಮೇಜಿನ ನಡುವಿನ ಉದ್ದನೆಯ ಗಂಟಿನ ಸರದಿ ಬಂದಾಗ ನಾನು ಗಂಡನ ಕೈಯ ಪಕ್ಕದಲ್ಲಿ ನನ್ನ ಕೈಯಿಟ್ಟು ಮೊದಲ ಸಲ ಕಣ್ಣು ಮುಚ್ಚಿದೆ. ಸುತ್ತಿಬಳಸಿ ಕೇಳಲು ನನಗೆ ಬರುವುದಿಲ್ಲ. ಸ್ವಾಮಿ, ಇದು ಎಡಗೈ ಕತ್ತರಿ, ಕಿಟಕಿ ಬಲಕ್ಕಿರುವ ಜಾಗ ನೋಡಿ ಇಳಿಸು ಎಂದು ಹೇಳಿದೆ. ಜೋರಾಗಿಯೇ ಹೇಳಿಬಿಟ್ಟೆನೇನೋ, ಪಕ್ಕದಲ್ಲಿ ಗಂಡನ ಬೆರಳು ನನ್ನ ಬೆರಳನ್ನು ಹಿಡಿದುಕೊಂಡಿತು.